ರೀಲು

"ಅಜ್ಜಾ, ನೀ ರೀಲ್ ಒಯ್ಯಾಂವ ಇದ್ದೆಂತ, ಖರೇನ?"
ಭೂಮಿಕಾ ಫೋನು ಮುಂದ ಹಿಡಿದು ಕೇಳಿದಳು.

ನಮ್ಮ ಕಾಲಕ್ಕ ರೀಲಂದ್ರ ತೂಕವಾ.
ತಗಡಿನ ಡಬ್ಬಿ, ಒಂದೊಂದು ಎಳೇಕೂಸಿನ ಭಾರ.
ಮಗ್ಗದ ಹಳೇ ಪಟ್ಟಿಲೆ ಸೈಕಲ್ಲಿಗೆ ಬಿಗಿದು
ಬನಹಟ್ಟಿಯಿಂದ ರಬಕವಿಗೆ.
ಒಂದ ಪ್ರಿಂಟು, ಎರಡು ಟಾಕೀಜು.
ಅಲ್ಲಿ ಬಿಚ್ಚಿದ ಮೂರನೇ ರೀಲು
ಇಲ್ಲಿ ಎರಡನೇದು ಮುಗಿಯೂದ್ರಾಗ ಮುಟ್ಟಬೇಕು.
ದಾರಿಯುದ್ದಕ್ಕೂ ಮಗ್ಗದ ಸಪ್ಪಳ,
ಅದರ ತಾಳಕ್ಕ ಪೆಡಲು.
ನನ್ನ ಬೆನ್ನ ಹಿಂದ ಡಬ್ಬ್ಯಾಗ
ಒಂದು ಮದುವಿ, ಒಂದು ಕೊಲಿ, ಅರ್ಧ ಹಾಡು,
ದೀಪದ ಕಾವಿಗೆ ಇನ್ನೂ ಬೆಚ್ಚಗ.

ತಡಾ ಆದ್ರ ರಬಕವಿ ಮಂದಿ ಸೀಟಿ ಹೊಡೀತಿದ್ರು,
ಕುರ್ಚಿ ಬಡೀತಿದ್ರು,
"ದುಂಡ್ಯಾ ಎಲ್ಲಿ ಸತ್ತನೋ!"
ಆರುನೂರು ಮಂದಿ ಒಬ್ಬಾತನ್ನ ಕಾಯೂದು
ಸಣ್ಣ ಮಾತೇನವಾ?
ಆ ಬೈಗಳದಾಗ ನಾ ಹೀರೋನಕಿಂತ ದೊಡ್ಡಾಂವ.

"ಸಾಕಜ್ಜಾ, ಮೂವತ್ತು ಸೆಕೆಂಡ್ ಆತು" ಅಂದಳು.

ಮರುದಿನ ಸಂಜಿಕ ಬಂದು ತೋರಿಸಿದಳು,
ಎರಡು ಲಕ್ಷ ಮಂದಿ ನೋಡ್ಯಾರಂತ.
ಎರಡೂ ಊರು ಕೂಡಿಸಿದ್ರೂ ಅಷ್ಟು ತಲಿ ಆಗೂದಿಲ್ಲ.
ಅಷ್ಟು ಮಂದ್ಯಾಗ ಒಬ್ಬರೂ ಕೆಮ್ಮಲಿಲ್ಲ,
ಒಂದು ಕೂಸು ಅಳಲಿಲ್ಲ,
ಕಾಲಾಗ ಶೇಂಗಾ ಸಿಪ್ಪಿ ಮುರೀಲಿಲ್ಲ.
ಕೆಂಪು ಹೃದಯ ಒತ್ತಿ ಮುಂದಕ್ಕ ಹ್ವಾದ್ರು.
ಈಗ ಸಿನಿಮಾನೂ ಮುಗಿಲಿನಿಂದ ಇಳೀತೈತಂತ ಜಮಖಂಡ್ಯಾಗ,
ಕೀಲಿ ಹೊತ್ತಿಗಿ ಸರಿಯಾಗಿ ತಾನ ತೆರೀತೈತಂತ.
ನಮ್ಮ ಟಾಕೀಜಿನ್ಯಾಗ ನೂಲಿನ ಗಂಟು ಒಟ್ಟ್ಯಾರ.
ಯಾವನೋ ಒಬ್ಬ ಕೆಳಗ ಬರದಿದ್ದ,
'ಅಜ್ಜ ರೀಲ್ ಬಿಡ್ತಾನ.'

ಬಿಟ್ಟಿದ್ದು ಖರೇನ.
ಒಮ್ಮಿಯೂ ತಪ್ಪಿಲ್ಲ ಅಂತ ಹೇಳಿದ್ದೆ.

ಒಂದು ಅಮಾಸಿ ರಾತ್ರಿ ಎರಡು ಡಬ್ಬಿ ಕೂಡೇ ಒಯ್ದಿದ್ದೆ.
ಸುಣ್ಣದಾಗ ಬರದ ನಂಬರು ನನ್ನ ಬೆವರಿಗೆ ಅಳಿಸಿತ್ತು.
ಹದಿಮೂರು ಮೊದಲು ಓಡಿತು, ತಾಯಿ ಸತ್ತಳು.
ಆಮ್ಯಾಲೆ ಹನ್ನೆರಡು.
ಸತ್ತಾಕಿ ತಿರುಗಿ ಒಲಿ ಮುಂದ ಕುಂತು
ಮಗನಿಗೆ ರೊಟ್ಟಿ ಬಡಿಯಾಕ ಹತ್ತಿದಳು.
ಒಂದು ಗಳಿಗಿ ಎಲ್ಲಾ ಗಪ್ಪ.
ಹೆಣ್ಣಮಕ್ಕಳ ಕಡಿಂದ ಮೊದಲು ಒಂದು ಕೂಗು,
ಹಿಂದಿಂದ ಕೇಕಿ, ಚಪ್ಪಾಳಿ,
ಪರದೆಗೆ ಚಿಲ್ಲರ ತೂರಿದ್ರು.
ಮಶೀನ್ ನಿಲ್ಲಸಾಕ ಹೋದ ಲಾಲಸಾಬ
ಕೈ ಹಿಂದಕ್ಕ ತಗೊಂಡ.
ಮರುದಿನ ಕಂಡಿಕಿ ಸುತ್ತೂ ಹುಡುಗ್ಯಾರು
ಗೇಟಿಗೆ ಬಂದು ಕೇಳಿದ್ರು,
"ಇವತ್ತೂ ನಿನ್ನಿ ಹಂಗ ಹಾಕ್ತೀರೇನು?"
ಅವರಾಗ ನೀಲವ್ವನೂ ಇದ್ದಳು.
ಆಗಿನ್ನೂ ನನ್ನಾಕಿ ಆಗಿರಲಿಲ್ಲ.

ಇದನ್ನ ಫೋನಿನ ಮುಂದ ಹೇಳಿಲ್ಲ.

ಮೊನ್ನಿ ಭೂಮಿಕಾ ನೀಲವ್ವನ ಫೋಟೋ ಇಸಗೊಂಡು
ಏನೋ ಒತ್ತಿ ತಂದಳು.
ಗ್ವಾಡಿ ಮ್ಯಾಲಿನಾಕಿ ಕಣ್ಣು ಮಿಟಕಿಸಿದಳು.
ಕುತಗಿ ಹೊಳ್ಳಿಸಿ ನಕ್ಕಳು, ಹಲ್ಲು ಕಾಣೂ ಹಂಗ.
ಹಲ್ಲು! ಗೋಂಜಾಳ ತೆನಿ ಹಂಗ ಸಾಲಹಿಡಿದು.
ಮೂವತ್ತೊಂದು ವರ್ಷದ ಸಂಸಾರದಾಗ
ಮುಂದಿನ ಮುರುಕ ಹಲ್ಲು ಕಾಣಬಾರದಂತ
ಸೆರಗು ಅಡ್ಡ ಹಿಡದ ನಕ್ಕಾಕಿ ಆಕಿ.
"ಚಂದ ಬಂದಾಳಲ್ಲಜ್ಜಾ?"
ಚಂದ ಬಂದಾಳವಾ, ಅಂದೆ.
ಯಾರ ಮನಿಯಾಕಿ ಅಂತ ಕೇಳಲಿಲ್ಲ.

ರಾತ್ರಿ ನಿದ್ದಿ ಹತ್ತಲಿಲ್ಲ.
ನನ್ನ ಫೋನಿಗೂ ಕಳಿಸಿದ್ದಳು, ಒತ್ತಿದೆ.
ನೆಟ್ ಇಲ್ಲ.
ನೀಲವ್ವನ ಮಾರಿ ಮ್ಯಾಲೆ ಸಣ್ಣದೊಂದು ಗಾಲಿ
ಸುಮ್ಮನ ತಿರಗತೈತಿ, ತಿರಗತೈತಿ.
ಸೀಟಿ ಇಲ್ಲ. ಬೈಯಾಕ ಯಾರೂ ಇಲ್ಲ.
ಎಲ್ಲೋ ಒಬ್ಬ ಹುಡುಗ ಡಬ್ಬಿ ಬಿಗದು
ಏದುಸಿರು ಬಿಡಕೋತ ಬರಾತಾನ.
ಬರಲಿ. ನಂಬರು ಅಳಿಸಿದ ಡಬ್ಬೀನ ಆಗಲಿ.
ಹೊರಸಿನ ಮ್ಯಾಲೆ ಕೌದಿ ಒಳಗ
ನನ್ನ ಕಾಲು ತಾವ ತುಳಿಯಾಕ ಹತ್ಯಾವ.